ಹಗೇವಿಗಿಳಿಯದ ಗಾಳಿ

ಆಷಾಢ ಹುಟ್ಟಿ ವಾರವಾಗಿತ್ತು. ಪಡುವಲಿಂದ ಎದ್ದ ಗಾಳಿ ಹೊಸಕೆರೆಹಳ್ಳಿಯ ಮನೆಗಳ ತಗಡು, ನೀರಿನ ಟ್ಯಾಂಕಿನ ಮುಚ್ಚಳ, ಒಣಹಾಕಿದ ಬಟ್ಟೆ ಎಲ್ಲವನ್ನೂ ಬೆಳಗಿನಿಂದ ಬಡಿಯುತ್ತಲೇ ಇತ್ತು. ಮುನಿವೆಂಕಟಮ್ಮ ನಾಲ್ಕನೇ ಮಹಡಿಯ ತಾರಸಿಯ ಮೇಲೆ ಟಾರ್ಪಾಲು ಹಾಸಿ, ಮೂಲೆಗಳಿಗೆ ಇಟ್ಟಿಗೆ ಹೇರಿ, ರಾಗಿ ತೂರುತ್ತಿದ್ದಳು. ಕಗ್ಗಲೀಪುರದ ಬೀಗರ ಹೊಲದಿಂದ ಬಂದ ರಾಗಿ. ಮಿಲ್ಲಿಗೆ ಹಾಕುವ ಮುನ್ನ ಒಮ್ಮೆ ಗಾಳಿಗೆ ಹಿಡಿಯದಿದ್ದರೆ ಅವಳಿಗೆ ಸಮಾಧಾನವಿಲ್ಲ. ಮೊರ ಎತ್ತಿ ಗಾಳಿಗೆ ಅಡ್ಡಲಾಗಿ ನಿಂತು, ಸಣ್ಣಗೆ ಅಲುಗಿಸುತ್ತ ಸುರಿದರೆ ಕಾಳು ಕಾಲ ಬುಡಕ್ಕೆ, ಹೊಟ್ಟು ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗೆ.

"ಆಂಟೀ, ಬಟ್ಟೆ ಎಲ್ಲಾ ಧೂಳಾಗ್ತಿದೆ! ನಿಲ್ಸಿ ಪ್ಲೀಸ್!" ಎಂದು ಆ ಬಾಲ್ಕನಿಯಿಂದ ಒಬ್ಬ ಹೆಂಗಸು ಕೂಗಿದಳು.

"ಹೊಟ್ಟು ಮಾತ್ರ ನಂದು ಕಣಮ್ಮ, ಗಾಳಿ ನಂದಲ್ಲ. ಅದಕ್ಕೇ ಹೇಳು," ಎಂದು ಮುನಿವೆಂಕಟಮ್ಮ ಇನ್ನೊಂದು ಮೊರ ತುಂಬಿದಳು.

ಕಟ್ಟಡವೂ ಅವಳದಲ್ಲ. ಅದು ಅಣ್ಣ ಚಿಕ್ಕಬೈರಪ್ಪನದು. ಮೇಲಿನ ಮಹಡಿಗಳಲ್ಲಿ ಬಾಡಿಗೆಯವರು, ಮೊದಲನೇ ಮಹಡಿಯಲ್ಲಿ ಅಣ್ಣ, ಅಣ್ಣನ ಮಗ ರೇವಂತ್, ಸೊಸೆ ದಿವ್ಯ. ಕೆಳಗೆ ಕಾರು ನಿಲ್ಲುವಲ್ಲಿ, ನೀರಿನ ಸಂಪಿನ ಪಕ್ಕದ ಒಂದು ಕೋಣೆಯಲ್ಲಿ ಮುನಿವೆಂಕಟಮ್ಮ. ಗಂಡ ಸತ್ತು ತವರಿಗೆ ಬಂದಾಗ ಅವಳಿಗಿನ್ನೂ ಮೂವತ್ತಾಗಿರಲಿಲ್ಲ. ಅವಳು ಬಂದ ವರ್ಷವೇ ಅತ್ತಿಗೆ ಕಾಮಾಲೆಯಾಗಿ ತೀರಿಕೊಂಡಳು. ತೊಟ್ಟಿಲಲ್ಲಿದ್ದ ರೇವಂತನನ್ನು ಅಂದು ಎತ್ತಿಕೊಂಡವಳು ಇಳಿಸಿದ್ದು ಅವನು ಎಂಜಿನಿಯರಿಂಗ್ ಕಾಲೇಜಿಗೆ ಹೋದಮೇಲೆಯೇ ಎಂದು ಬೀದಿಯವರು ನಗೆಯಾಡುತ್ತಿದ್ದರು.

ಆ ರೇವಂತನೇ ಈಗ ಮೆಟ್ಟಿಲು ಹತ್ತಿ ಬಂದು, ಖಾಲಿ ಚೀಲ ಹರವಿಕೊಂಡು ಅವಳೆದುರು ಕುಕ್ಕುರುಗಾಲಲ್ಲಿ ಕೂತ.

"ಅತ್ತೆ, ಈ ಗಾಳಿ ಇನ್ನೆಷ್ಟು ದಿನ ಇರ್ತದೆ?"

"ಮಹಾಲಯ ಕಳೆದ್ರೆ ಸತ್ತಂಗೇ. ಯಾಕೆ, ನಿಂಗೂ ಅದಕ್ಕೂ ಏನು ಸ್ನೇಹ?"

"ಸ್ನೇಹ ಅಲ್ಲ, ನನ್ನ ಅನ್ನ ಅದು." ಅವನು ಚೀಲದ ಬಾಯಿ ಅಗಲಿಸಿ ಹಿಡಿದ. "ಅಪ್ಪಂಗೆ ನೀನು ಹೇಳ್ಬೇಕು ಅತ್ತೆ. ನಾನು ಹೇಳಿದ್ರೆ ಕೇಳಲ್ಲ."

ಸಿಲಿಂಡರಿನಲ್ಲಿ ಗ್ಯಾಸು ತುಂಬುವ ಕಂಪನಿಯೊಂದರಲ್ಲಿ ಆರು ವರ್ಷ ದುಡಿದು, ಕೆಲಸ ಬಿಟ್ಟು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುತ್ತೇನೆಂದು ಅವನು ಹೊರಟಿದ್ದ. ಚಿತ್ರದುರ್ಗದ ಕಡೆಯ ಗುಡ್ಡದಲ್ಲಿ ಗಾಳಿಯಂತ್ರ ಇಟ್ಟವರ ಹತ್ತಿರ ಪಾಲು ಮಾತಾಡಿದ್ದ. ಅಲ್ಲಿ ಹುಟ್ಟಿದ ಕರೆಂಟು ವಿದ್ಯುತ್ ಬೋರ್ಡಿನ ತಂತಿಯಲ್ಲಿ ಹರಿದು ಹಾರೋಹಳ್ಳಿಯ ಶೆಡ್ಡಿಗೆ ಬರುತ್ತದೆ. ಶೆಡ್ಡಿನ ಮಿಷಿನ್ನು ಅದನ್ನು ಉಂಡು ಗ್ಯಾಸು ಕೊಡುತ್ತದೆ. ಪಕ್ಕದ ಗಾಜಿನ ಕಾರ್ಖಾನೆಯವರು ಕೊಳ್ಳುತ್ತಾರೆ. ಇಷ್ಟನ್ನು ಅವನು ಮನೆಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ ಮುನಿವೆಂಕಟಮ್ಮನಿಗೆ ಸೊಪ್ಪು ಬಿಡಿಸುತ್ತಲೇ ಬಾಯಿಪಾಠವಾಗಿತ್ತು.

"ಒಂದು ಕೆಜಿ ಗ್ಯಾಸಿಗೆ ಐವತ್ತೈದು ಯೂನಿಟ್ ಕರೆಂಟು ಬೇಕು ಅತ್ತೆ. ಗಾಳಿ ಬಿಟ್ಟಿ ಅಂತ ಅಪ್ಪ ಊರೆಲ್ಲ ಹೇಳ್ಕೊಂಡು ಬರ್ತದೆ. ಗಾಳಿ ಬಿಟ್ಟಿ, ಕಂಬ ಬಿಟ್ಟಿಯಲ್ಲ, ತಂತಿ ಬಿಟ್ಟಿಯಲ್ಲ. ಮಿಷಿನ್ನಂತೂ ಕೇಳಲೇಬೇಡ. ಅದು ಓಡಿದ್ರೂ ಬಡ್ಡಿ, ನಿಂತ್ರೂ ಬಡ್ಡಿ. ಗಾಳಿ ಜೋರಾಗಿರೋದು ನಾಲ್ಕು ತಿಂಗಳು. ಬಡ್ಡಿ ಹನ್ನೆರಡು ತಿಂಗಳು."

"ಎತ್ತು ನಾಲ್ಕು ತಿಂಗಳು ಉಳ್ತದೆ, ಮೇವು ಹನ್ನೆರಡು ತಿಂಗಳೂ ತಿಂತದೆ," ಎಂದಳು ಮುನಿವೆಂಕಟಮ್ಮ, ಮೊರ ಕೆಳಗಿಡದೆ.

"ಅದೇ! ಅದೇ ಅತ್ತೆ! ಸಖತ್ತಾಗಿ ಹೇಳ್ದೆ. ಅದಕ್ಕೇ ಒಂದೇ ಒಂದು ಎತ್ತು ಕಟ್ಟೋಣ ಅಂತೀನಿ. ಚಿಕ್ಕ ಮಿಷಿನ್ನು. ಚೈತ್ರದ ಸೊರಗಿದ ಗಾಳೀಲೂ ಓಡೋವಷ್ಟು ಚಿಕ್ಕದು. ಆಗ ಅದು ವರ್ಷವಿಡೀ ಓಡ್ತದೆ, ಬಡ್ಡಿ ತಾನೇ ಕಟ್ಕೊಳ್ತದೆ. ಆಷಾಢದಲ್ಲಿ ಮಿಕ್ಕಿದ ಕರೆಂಟನ್ನ ಸಿಕ್ಕಿದ ರೇಟಿಗೆ ಬೋರ್ಡಿಗೆ ಮಾರಿಬಿಡೋದು. ಅಪ್ಪಂಗೆ ಅದೇ ಉರಿ. ಮೂರು ಕಾಸಿಗೆ ಯಾಕೆ ಮಾರ್ಬೇಕು, ನಾಲ್ಕರಷ್ಟು ದೊಡ್ಡ ಮಿಷಿನ್ ಹಾಕು, ಆಷಾಢದ ಗಾಳಿ ಪೂರಾ ನಾವೇ ಹಿಡಿಯೋಣ ಅಂತದೆ. ದೊಡ್ಡದು ಹಾಕಿದ್ರೆ ಮುಳುಗಿದ್ವಿ ಅತ್ತೆ."

"ಎಷ್ಟಾಗ್ತದೆ ಚಿಕ್ಕದಕ್ಕೆ?"

"ಬಾಡಿಗೆ ತೋರಿಸಿದ್ರೆ ಬ್ಯಾಂಕಿನವರೇ ಕೊಡ್ತಾರೆ. ಕೆರೆಯಂಚಿನ ಎಂಟು ಗುಂಟೆ ಮುಟ್ಟೋದೇ ಬೇಡ." ಅದನ್ನು ಅವನು ಅವಳಿಗೆ ಸಮಾಧಾನವಾಗಲಿ ಎಂದೇ ಹೇಳಿದ. "ತಾತನ ನೆಲ, ಇರೋದು ಅದೊಂದೇ. ಇರ್ಲಿ ಬಿಡು. ದೊಡ್ಡದು ಹಾಕೋದಾದ್ರೆ ಮಾತ್ರ ಅದನ್ನ ಮಾರ್ಬೇಕಾಗ್ತದೆ."

ಮುನಿವೆಂಕಟಮ್ಮನ ಕೈಯ ಮೊರ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಅಲುಗಿತು.

"ಹೇಳ್ತೀನಿ ಬಿಡು ಮಗಾ," ಎಂದಳು.

ಅವನು ಎದ್ದು, ಅವಳ ತಲೆಗೂದಲಿಗೆ ಸಿಕ್ಕಿದ್ದ ಹೊಟ್ಟನ್ನು ಬೆರಳಲ್ಲಿ ತೆಗೆದು, ಕೆಳಗಿಳಿದು ಹೋದ.

ಎಂಟು ಗುಂಟೆ. ಅವಳಪ್ಪನ ಹೆಸರಲ್ಲಿ ಉಳಿದದ್ದು ಅಷ್ಟೇ. ಉಳಿದದ್ದೆಲ್ಲ ಹೋದದ್ದು ಹೇಗೆಂದು ಅವಳಿಗೆ ನೆನಪಿತ್ತು. ಲೇಔಟಿನವರು ಬಂದ ಕಾಲ. ಅಣ್ಣ ಒಂದು ಬೆಳಿಗ್ಗೆ ಬಾಡಿಗೆ ಕಾರು ತಂದು ನಿಲ್ಲಿಸಿ, "ತಲೆ ಬಾಚ್ಕೊ, ರಿಜಿಸ್ಟ್ರಾರ್ ಆಫೀಸಿಗೆ ಹೋಗಿಬರೋಣ" ಎಂದಿದ್ದ. ದಾರಿಯಲ್ಲಿ ಗಾಂಧಿಬಜಾರಿನಲ್ಲಿ ಕಾರು ನಿಲ್ಲಿಸಿ ಸೀರೆ ಕೊಡಿಸಿದ. ಹಳೇ ಊರಿನ ಮನೆಗಳಲ್ಲೆಲ್ಲ ಆಗ ಅದೇ ನಡೆಯುತ್ತಿತ್ತು. ಹೆಣ್ಣುಮಕ್ಕಳನ್ನು ಕರೆಸಿ, ಸೀರೆ ಉಡಿಸಿ, ಅರಿಶಿನ ಕುಂಕುಮಕ್ಕೆಂದು ಕೈಗಿಷ್ಟು ಇಟ್ಟು, ಪಾಲು ಬಿಟ್ಟೆನೆಂದು ರುಜು ಹಾಕಿಸಿಕೊಳ್ಳುವುದು. ಪಾಲು ಕೇಳಿದವಳು ತವರಿನ ಬಾಗಿಲು ತಾನೇ ಹಾಕಿಕೊಂಡಂತೆ. ವಿಧವೆಗೆ ಅರಿಶಿನ ಕುಂಕುಮವೆಲ್ಲಿಯದು ಎಂದು ಯಾರೂ ಕೇಳಲಿಲ್ಲ. ಅವಳು ತೋರಿಸಿದಲ್ಲೆಲ್ಲ ರುಜು ಹಾಕಿದಳು. ಹಾಗೆ ಹಾಕಿದ ರುಜುಗಳ ಮೇಲೆಯೇ ಈ ನಾಲ್ಕು ಮಹಡಿ ಎದ್ದದ್ದು.

ಅದಾದ ಮೇಲೆ ಅಣ್ಣ ಅವಳಿಗೆ ಊಟಕ್ಕೆ ಕಡಿಮೆ ಮಾಡಲಿಲ್ಲ. ಆದರೆ ಊಟ ಹಾಕಿದ್ದನ್ನು ಮರೆಯಲೂ ಬಿಡಲಿಲ್ಲ. ಅವಳ ಗರ್ಭಕೋಶ ತೆಗೆಸಿದಾಗ ಆಸ್ಪತ್ರೆಯ ಬಿಲ್ಲು ಕಟ್ಟಿ, ಅದನ್ನು ಬಂದ ನೆಂಟರಿಗೆಲ್ಲ ಹೇಳಿದ: "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ನಮ್ಮನೇದು ಒಳಗೇ ಕೂತದೆ, ಖರ್ಚು ಸಮೇತ." ನೆಂಟರು ನಕ್ಕರು. ರೇವಂತನ ಮದುವೆಯಲ್ಲಿ ಧಾರೆಯ ಹೊತ್ತಿಗೆ, "ನೀನು ಎದುರಿಗೆ ಬರ್ಬೇಡ, ಒಗ್ಗರಣೆ ಕಡೆ ನೋಡ್ಕೊ" ಎಂದು ಅವಳನ್ನು ಅಡುಗೆಯವರ ಕಡೆ ಕಳಿಸಿದ. ರೇವಂತ್ ಮಂಟಪದಲ್ಲಿದ್ದ, ಅತ್ತೆ ಎಲ್ಲಿ ಎಂದು ಅವನೂ ಕೇಳಲಿಲ್ಲ.

ಎಂಟು ಗುಂಟೆಯೊಂದು ಅಂದು ಕಾಗದಕ್ಕೆ ಬೀಳದೆ ತಪ್ಪಿಸಿಕೊಂಡಿತ್ತು. ಅದು ಕೆರೆಗೆ ಸೇರಿದ್ದೋ ನಿಮಗೆ ಸೇರಿದ್ದೋ ಎಂಬ ಕೇಸು ವರ್ಷಗಟ್ಟಲೆ ನಡೆದು, ಈ ಬೇಸಿಗೆಯಲ್ಲಿ ನಿಮ್ಮದೇ ಎಂದು ತೀರ್ಪಾಗಿತ್ತು. ಅಪ್ಪನಿಗೆ ಇಬ್ಬರೇ ಮಕ್ಕಳು. ಅವಳ ರುಜು ಇಲ್ಲದೆ ಆ ನೆಲ ಮಾರುವಂತಿರಲಿಲ್ಲ. ಮಾರದಿದ್ದರೆ ಅವಳ ರುಜು ಯಾರಿಗೂ ಬೇಕಿರಲಿಲ್ಲ. ಮಕ್ಕಳಿಲ್ಲದ ಅವಳು ಸತ್ತಮೇಲೆ ಅದು ತಾನಾಗಿ ಅಣ್ಣನ ಮನೆಗೇ ಸೇರುವುದು.

ರೇವಂತನ ಮಾತಿನಲ್ಲಿ ಇಷ್ಟೆಲ್ಲ ಇತ್ತು. ಚಿಕ್ಕ ಮಿಷಿನ್ನಾದರೆ ಅವಳು ಸಂಪಿನ ಪಕ್ಕದ ಕೋಣೆಯಲ್ಲೇ ಕಣ್ಣು ಮುಚ್ಚಬೇಕು. ದೊಡ್ಡ ಮಿಷಿನ್ನಾದರೆ ಅಣ್ಣ ಒಂದು ದಿನ, ಒಂದೇ ಒಂದು ದಿನ, ಅವಳ ಕೈ ನೋಡಬೇಕು.

ಭಾನುವಾರ ಜಯನಗರದಿಂದ ಆಡಿಟರ್ ವೆಂಕಟಾಚಲ ಬಂದರು. ಮೊದಲ ಸೈಟು ಮಾರಿದ ದಿನದಿಂದ ಚಿಕ್ಕಬೈರಪ್ಪನ ಲೆಕ್ಕ ನೋಡುತ್ತಿದ್ದವರು. ಸೋಫಾದ ಅಂಚಿನಲ್ಲಿ ಕೂತು, ಸಕ್ಕರೆಯಿಲ್ಲದ ಕಾಫಿ ಹಿಡಿದು, ಅವರು ನಿಧಾನವಾಗಿ ಹೇಳಿದರು:

"ಬೈರಪ್ಪನವರೇ, ಎರಡೂ ಲೆಕ್ಕ ನೋಡ್ದೆ. ಹುಡುಗನ ಚಿಕ್ಕ ಮಿಷಿನ್ನು ಲಾಭ ಕಮ್ಮಿ, ಆದ್ರೆ ತೇಲುತ್ತೆ. ನಿಮ್ಮದು ಆಷಾಢದಲ್ಲಿ ಮಹಾರಾಜ, ಚೈತ್ರದಲ್ಲಿ ಭಿಕ್ಷುಕ."

"ಸ್ವಾಮಿ, ನೀವು ನೆಲ ಉತ್ತೋರಲ್ಲ," ಎಂದ ಚಿಕ್ಕಬೈರಪ್ಪ. ಬಿಳಿ ಪಂಚೆ, ಕೈಗೆ ದಪ್ಪ ಕಡಗ, ಅರವತ್ತೆಂಟರಲ್ಲೂ ಬಗ್ಗದ ಬೆನ್ನು. "ಮಿಕ್ಕಿದ ಕರೆಂಟನ್ನ ಬೋರ್ಡಿನವರ ಹತ್ರ ಜಮೆ ಇಡಬಹುದು ಅಂತ ಇವನೇ ಅಂದನಲ್ಲ? ಆಷಾಢದಲ್ಲಿ ಇಡೋದು, ಚೈತ್ರದಲ್ಲಿ ತೆಗೆಯೋದು. ಹಗೇವು ಕಣ್ರೀ ಅದು! ನಮ್ಮಪ್ಪನ ಕಾಲದಲ್ಲಿ ಈ ಮನೆ ಮುಂದೇನೇ ಇತ್ತು. ನೆಲದಾಗೆ ಗುಂಡಿ, ಒಳಗೆ ಹುಲ್ಲು, ಅದರೊಳಗೆ ರಾಗಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ರೆ ಹತ್ತು ವರ್ಷ ಹುಳ ಬೀಳ್ತಿರಲಿಲ್ಲ. ಬರ ಬಂದಾಗ ಊರೇ ಬಂದು ನಮ್ಮ ಬಾಗ್ಲಲ್ಲಿ ನಿಲ್ತಿತ್ತು."

"ಅಪ್ಪ, ಆ ಜಮೆ ಆಯಾ ತಿಂಗಳಿಗೆ ಮಾತ್ರ," ಎಂದ ರೇವಂತ್. ಎಷ್ಟನೇ ಸಲವೋ. "ಆಷಾಢದ್ದು ಆಷಾಢದಲ್ಲೇ ಖರ್ಚಾಗ್ಬೇಕು. ತಿಂಗಳು ಮುಗಿದ್ರೆ ಹೋಯ್ತು."

"ಮೊದಲು ವರ್ಷಕ್ಕೆ ಇಡಬಹುದಿತ್ತು," ಎಂದರು ವೆಂಕಟಾಚಲ, ನ್ಯಾಯವಾಗಿ ಎರಡು ಕಡೆಯನ್ನೂ ಹೇಳಬೇಕೆಂದು. "ಈಗ ಬಿಗಿ ಮಾಡಿದ್ದಾರೆ. ಸಡಿಲ ಮಾಡಿ ಅಂತ ಕಂಪನಿಗಳು ಕೇಳ್ತಾ ಇವೆ. ಮಾಡಿದ್ರೂ ಮಾಡಬಹುದು."

"ಹಾ! ಮಾಡಬಹುದು! ಕೇಳ್ದೇನೋ?" ಚಿಕ್ಕಬೈರಪ್ಪ ಮಗನ ಕಡೆ ಬೆರಳು ಚಾಚಿದ. "ಬೋರ್ಡಿನೋರಿಗೆ ಮಿಕ್ಕಿದ ಕರೆಂಟನ್ನ ಮೂರು ಕಾಸಿಗೆ ಕೊಟ್ಟುಬಿಡಬೇಕಂತೆ. ಬೆಳೆದ ರಾಗಿ ಕಣದಲ್ಲೇ ದಾನ ಮಾಡೋನು ರೈತನೇನೋ? ಹಗೇವು ತೋಡಿದ ಕೈ ಅಲ್ಲಿದೆ, ಅವಳನ್ನೇ ಕೇಳು."

ಮುನಿವೆಂಕಟಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ರೇವಂತ್ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಚಿಕ್ಕಂದಿನ ಒಂದು ನಂಬಿಕೆಯಿತ್ತು. ಬಿದ್ದು ಮಂಡಿ ಒಡೆದುಕೊಂಡು ಬಂದಾಗ, ಅತ್ತೆ ಅರಿಶಿನ ತಂದೇ ತರುತ್ತಾಳೆ ಎಂಬಂಥದು.

"ಹೇಳತ್ತೆ, ನೀನೇ ಹೇಳು ಅಪ್ಪಂಗೆ."

ಹೇಳಬೇಕಾದ ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ನಮ್ಮ ಹಗೇವು ನಮ್ಮ ಅಂಗಳದಲ್ಲಿತ್ತು ಅಣ್ಣಯ್ಯ, ಅದರ ಕಲ್ಲು ಎತ್ತುವ ಕೈ ನಮ್ಮದಾಗಿತ್ತು. ಈ ಹಗೇವು ಬೋರ್ಡಿನವರ ಅಂಗಳದಲ್ಲಿದೆ, ತಿಂಗಳಿಗೊಮ್ಮೆ ಅವರು ಗುಡಿಸಿಕೊಂಡು ಹೋಗುತ್ತಾರೆ. ಇಷ್ಟು ಹೇಳಿದ್ದರೆ ಚಿಕ್ಕಬೈರಪ್ಪನಿಗೆ ತಿಳಿಯುತ್ತಿತ್ತು. ಬೇರೆ ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯದ್ದು ಆ ಭಾಷೆಯಲ್ಲಿ ತಿಳಿಯುತ್ತಿತ್ತು. ಅದು ಅವಳಿಗೆ ಗೊತ್ತಿತ್ತು.

"ನಿಮ್ಮಪ್ಪ ಹೇಳೋದೇ ಸರಿ ಮಗಾ," ಎಂದಳು ಮುನಿವೆಂಕಟಮ್ಮ. "ಆಷಾಢದ ಗಾಳಿ ಯಾಕೆ ಪೋಲು ಮಾಡ್ತೀಯ? ಹಾಕೋದು ಹಾಕ್ತೀಯ, ದೊಡ್ಡದೇ ಹಾಕು. ನಮ್ಮ ಮನೆತನಕ್ಕೆ ಚಿಕ್ಕದು ಒಪ್ಪಲ್ಲ."

ಚಿಕ್ಕಬೈರಪ್ಪ ತೊಡೆ ತಟ್ಟಿ ನಕ್ಕ. ತಂಗಿಯ ಮಾತಿಗೆ ಅವನು ಹಾಗೆ ನಕ್ಕದ್ದು ಅವಳು ಬಂದಮೇಲೆ ಅದೇ ಮೊದಲು. ವೆಂಕಟಾಚಲ ಕಾಫಿ ಲೋಟ ಕೆಳಗಿಟ್ಟರು. ಅವರು ಹೋದಮೇಲೆ ರೇವಂತ್ ಮೆಟ್ಟಿಲಲ್ಲಿ ಅವಳನ್ನು ತಡೆದು ಕೇಳಿದ: "ಯಾಕತ್ತೆ ಹಿಂಗೆ ಮಾಡ್ದೆ?"

"ನಾನೇನು ಓದ್ದೋಳಾ ಮಗಾ? ನಂಗೇನು ತಿಳೀತದೆ ನಿಮ್ಮ ಮಿಷಿನ್ ವಿಷ್ಯ? ದೊಡ್ಡೋರು ಹೇಳಿದ್ರು, ಹೂಂ ಅಂದೆ."

ಅವನು ಅದನ್ನು ನಂಬಿದ. ಅತ್ತೆ ಸುಳ್ಳು ಹೇಳುವವಳೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಕಾರ್ತೀಕದ ಹೊತ್ತಿಗೆ ದೊಡ್ಡ ಮಿಷಿನ್ನಿಗೆ ಮುಂಗಡ ಹೋಯಿತು. ಹೋದ ಮುಂಗಡ ವಾಪಸು ಬಾರದ್ದು. ಕೆರೆಯಂಚಿನ ನೆಲಕ್ಕೆ ಬಿಲ್ಡರನೂ ಸಿಕ್ಕಿದ. ಆಮೇಲೆಯೇ ಚಿಕ್ಕಬೈರಪ್ಪ ಒಂದು ಸಂಜೆ ಕಾಗದದ ಕಟ್ಟು ಹಿಡಿದು ಸಂಪಿನ ಪಕ್ಕದ ಕೋಣೆಗೆ ಬಂದ. ಆ ಕೋಣೆಗೆ ಅವನು ಬಾಗಿಲು ದಾಟಿ ಬಂದದ್ದು ಕಡಿಮೆ. ನಿಂತೇ ಹೇಳಿದ:

"ನಾಳೆ ಹತ್ತಕ್ಕೆ ರಿಜಿಸ್ಟ್ರೇಷನ್ನು. ಬೇಗ ಎದ್ದು ರೆಡಿಯಾಗು. ದಾರೀಲಿ ಒಂದು ರೇಷ್ಮೆ ತಗೊಳ್ಳಾಣ ನಿಂಗೆ, ಮೈಸೂರು ಸಿಲ್ಕೇ."

ಮುನಿವೆಂಕಟಮ್ಮ ಅವರೇಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಅರ್ಧ ಅಣ್ಣಯ್ಯ."

"ಏನು ಅರ್ಧ?"

"ಪಾಲು. ಬಂದಿದ್ರಲ್ಲಿ ಅರ್ಧ ನನ್ನ ಹೆಸರಿಗೆ ಚೆಕ್ಕು. ಮೊದಲು ಚೆಕ್ಕು, ಆಮೇಲೆ ರುಜು. ಸೀರೆ ಬೇಡ."

ಚಿಕ್ಕಬೈರಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಕುತ್ತಿಗೆಯ ನರ ಎದ್ದಿತು.

"ಥೂ! ತಿಂದ ಕೂಳಿಗೆ ಲೆಕ್ಕ ಇಟ್ಟಿದ್ದೀನೇನೇ ನಾನು? ಇಷ್ಟು ವರ್ಷ ಸಾಕಿದ್ದಕ್ಕೆ..."

"ಇಡು. ಕೂಳಿನ ಲೆಕ್ಕ ಇಡು, ನಾನು ಮುಸುರೆ ತಿಕ್ಕಿದ್ದು, ನಿನ್ನ ಮಗನ ಉಚ್ಚೆ ಬಟ್ಟೆ ಒಗೆದದ್ದು ಇಡ್ತೀನಿ. ಯಾರಿಗೆ ಯಾರು ಕೊಡ್ಬೇಕೋ ನೋಡಾಣ."

"ಅಷ್ಟು ದುಡ್ಡು ತಗೊಂಡು ಏನು ಮಾಡ್ತೀಯೇ ಮುಂಡೆ? ತಲೆ ಮೇಲೆ ಹೊತ್ಕೊಂಡು ಹೋಗ್ತೀಯ? ನಾಳೆ ಸತ್ರೆ ನಿನ್ನ ಹೆಣ ಎತ್ತೋಕೆ ನಾನೇ ಬರ್ಬೇಕು."

"ಅದಕ್ಕೂ ದುಡ್ಡಿಟ್ಟೇ ಸಾಯ್ತೀನಿ. ನಿನ್ನ ಹೆಗಲು ನೋಯೋದು ಬೇಡ." ಅವಳು ಒಂದು ಕಾಯಿಯನ್ನು ಸೀಳಿ, ಕಾಳನ್ನು ಬಟ್ಟಲಿಗೆ ಹಾಕಿದಳು. "ಮುಂಗಡ ಹೋಗಿದೆಯಲ್ಲ ಅಣ್ಣಯ್ಯ. ಬಿಲ್ಡರು ಎಷ್ಟು ದಿನ ಕಾಯ್ತಾನೆ?"

ಅವನು ಕಾಗದದ ಕಟ್ಟನ್ನು ನೆಲಕ್ಕೆ ಎಸೆದು ಹೋದ. ನಾಲ್ಕನೇ ದಿನ ಬಂದು ತಾನೇ ಬಗ್ಗಿ ಎತ್ತಿಕೊಂಡ. ಬನಶಂಕರಿಯ ರಿಜಿಸ್ಟ್ರಾರ್ ಆಫೀಸಿನಲ್ಲಿ ಚೆಕ್ಕನ್ನು ಎರಡು ಸಲ ಓದಿ, ರವಿಕೆಯೊಳಗಿಟ್ಟುಕೊಂಡು, ಅವಳು ರುಜು ಹಾಕಿದಳು.

ಎಂಟು ಗುಂಟೆಯ ಪೂರಾ ದುಡ್ಡು ಸಿಗುತ್ತದೆಂದೇ ಚಿಕ್ಕಬೈರಪ್ಪ ಅಷ್ಟು ದೊಡ್ಡ ಮಿಷಿನ್ನು ಮಾತಾಡಿದ್ದ. ಈಗ ಅರ್ಧ ಕಡಿಮೆ ಬಿತ್ತು. ರೇವಂತ್ ಈಗಲಾದರೂ ಚಿಕ್ಕದಕ್ಕೆ ಇಳಿಯೋಣವೆಂದ. ಇಳಿದರೆ ಮುಂಗಡ ಮುಳುಗುತ್ತದೆ, ಜೊತೆಗೆ ತಂಗಿಗೆ ಸೋತಂತೆಯೂ ಆಗುತ್ತದೆ. ಚಿಕ್ಕಬೈರಪ್ಪ ನಾಲ್ಕು ಮಹಡಿಯ ಕಟ್ಟಡವನ್ನೇ ಬ್ಯಾಂಕಿಗೆ ಒತ್ತೆಯಿಟ್ಟು ಉಳಿದದ್ದನ್ನು ಎತ್ತಿದ. ಮುನಿವೆಂಕಟಮ್ಮ ಬಿಳೇಕಹಳ್ಳಿಯಲ್ಲಿ ಎರಡು ಕೋಣೆಯ ಫ್ಲಾಟು ಕೊಂಡು, ಮಿಕ್ಕದ್ದನ್ನು ಬ್ಯಾಂಕಿನಲ್ಲಿಟ್ಟು, ತನ್ನ ಮೊರ, ಒನಕೆ, ಎರಡು ಟ್ರಂಕು ಸಮೇತ ಹೊರಟುಹೋದಳು. ಬೀದಿಯ ಹೆಂಗಸರು, "ಕಾಲ ಕೆಟ್ಟೋಯ್ತು" ಎಂದರು. ಅವರಲ್ಲಿ ಒಬ್ಬಿಬ್ಬರು ಆಮೇಲೆ ಗುಟ್ಟಾಗಿ ಬಂದು ವಕೀಲರ ಹೆಸರು ಕೇಳಿಕೊಂಡು ಹೋದರು.

ಮರು ಆಷಾಢಕ್ಕೆ ಹಾರೋಹಳ್ಳಿಯ ಶೆಡ್ಡಿನಲ್ಲಿ ಮಿಷಿನ್ನು ಕೂತಿತು. ಪೂಜೆಗೆ ಅವಳನ್ನು ಕರೆದದ್ದು ರೇವಂತ್. ಅವಳು ಹೋಗಿ ಹಿಂದೆ ನಿಂತು ನೋಡಿದಳು. ಗುಡ್ಡದ ಮೇಲೆ ಗಾಳಿ ಹುಚ್ಚೆದ್ದು ಬೀಸುತ್ತಿತ್ತು, ಇಲ್ಲಿ ಪೈಪುಗಳು ಸಣ್ಣಗೆ ನಡುಗುತ್ತಿದ್ದವು. ಗಾಜಿನ ಕಾರ್ಖಾನೆಯ ಗಾಡಿ ದಿನವೂ ಬಂದು ಗ್ಯಾಸು ತುಂಬಿಸಿಕೊಂಡು ಹೋಯಿತು. ಮೂರು ತಿಂಗಳು ಚಿಕ್ಕಬೈರಪ್ಪ ಹೊಸ ಕಾರಿನಲ್ಲಿ ಊರೆಲ್ಲ ಸುತ್ತಿ, "ಗಾಳೀಲಿ ಗೋಪುರ ಕಟ್ಟಿದೀನಿ, ಬಂದು ನೋಡ್ರೋ" ಎಂದು ಟೀ ಅಂಗಡಿಯಲ್ಲಿ ಕೂತವರ ಬಾಯಿ ಮುಚ್ಚಿಸಿದ. ಎದುರಿಗೆ ಬಾಯಿ ಮುಚ್ಚಿದವರು ಅವನು ಹೋದಮೇಲೆ ತೆರೆದರು.

ಮಹಾಲಯ ಕಳೆಯಿತು. ಗಾಳಿ ಬಿತ್ತು. ಆಷಾಢದಲ್ಲಿ ಜಮೆಯಾದ ಕರೆಂಟು ಆಷಾಢದಲ್ಲೇ ಮುಗಿದಿತ್ತು. ಬೋರ್ಡಿನ ನಿಯಮ ಸಡಿಲವಾಗಲಿಲ್ಲ. ದೊಡ್ಡ ಮಿಷಿನ್ನು ದಿನಕ್ಕೆರಡು ಗಂಟೆ ಓಡಿ ನಿಲ್ಲತೊಡಗಿತು. ಅದನ್ನು ಹಾಗೆ ನಿಲ್ಲಿಸಿ ಹಚ್ಚಿ ಮಾಡಿದರೆ ಒಳಗಿನ ಪದರಗಳು ಬೇಗ ಸವೆಯುತ್ತವೆಂದು ರೇವಂತ್ ಮೊದಲೇ ಹೇಳಿದ್ದ. ಗಾಜಿನ ಕಾರ್ಖಾನೆಯವರ ಕುಲುಮೆಗೆ ಆಷಾಢವೂ ಒಂದೇ ಕಾರ್ತೀಕವೂ ಒಂದೇ. ದಿನವೂ ಗ್ಯಾಸು ಬೇಕು, ತಪ್ಪಿದರೆ ದಂಡ. ದಂಡಕ್ಕೆ ಹೆದರಿ ಬೋರ್ಡಿನಿಂದ ಕರೆಂಟು ಕೊಂಡು ಓಡಿಸಿದರೆ ಮಾರಿದ ಒಂದೊಂದು ಕೆಜಿಗೂ ಕೈಯಿಂದ ನೂರೈವತ್ತು ರೂಪಾಯಿ ಹೋಗುತ್ತಿತ್ತು. "ಕಮ್ಮಿ ಮಾರಿದ್ರೆ ದಂಡ, ಜಾಸ್ತಿ ಮಾರಿದ್ರೆ ನಷ್ಟ. ಇದ್ಯಾವ ವ್ಯಾಪಾರಾನೋ?" ಎಂದು ಚಿಕ್ಕಬೈರಪ್ಪ ಮಗನನ್ನು ಬೈದ. ಮಗ ತಿರುಗಿ ಬೈಯಲಿಲ್ಲ. ಬೈದಿದ್ದರೆ ಚಿಕ್ಕಬೈರಪ್ಪನಿಗೆ ಹಗುರಾಗುತ್ತಿತ್ತು.

ಮಾಘದಲ್ಲಿ ಬ್ಯಾಂಕಿನ ಮೊದಲ ನೋಟಿಸು ಬಂತು. ಫಾಲ್ಗುಣದಲ್ಲಿ ಬ್ಯಾಂಕಿನವರು ಬಾಡಿಗೆಯನ್ನು ನೇರವಾಗಿ ತಾವೇ ಎತ್ತತೊಡಗಿದರು. ಮುಂಗಡ ಕೊಟ್ಟಿದ್ದ ಬಾಡಿಗೆಯವರು ಮೆಟ್ಟಿಲ ಮೇಲೆ ನಿಂತು, "ಅಂಕಲ್, ನಮ್ ಅಡ್ವಾನ್ಸ್ ಏನ್ ಮಾಡಿದ್ರಿ? ಅದನ್ನೂ ಗಾಳೀಗೆ ತೂರಿದ್ರಾ?" ಎಂದು ಕೂಗಿದರು. ಯುಗಾದಿ ಮುಗಿದ ವಾರ ಬ್ಯಾಂಕಿನವರು ಮೊದಲನೇ ಮಹಡಿಯನ್ನೂ ಬಿಡಿಸಿಕೊಂಡರು. ಚಿಕ್ಕಬೈರಪ್ಪ ಮಗ ಸೊಸೆಯೊಡನೆ ಶ್ರೀನಗರದ ಒಂದು ಬಾಡಿಗೆ ಮನೆಗೆ ಹೋದ. ತಾನು ಓನರಾಗಿದ್ದಾಗ ಬಾಡಿಗೆಯವರಿಗೆ ಹಾಕುತ್ತಿದ್ದ ಷರತ್ತುಗಳನ್ನೆಲ್ಲ ಅಲ್ಲಿಯ ಓನರಮ್ಮ ಅವನಿಗೆ ಒಂದೊಂದಾಗಿ ಹೇಳಿದಳು. ಗೋಡೆಗೆ ಮೊಳೆ ಹೊಡೆಯಬಾರದು, ಹತ್ತರ ಮೇಲೆ ಗೇಟು ತೆಗೆಯಲ್ಲ, ನೆಂಟರು ಉಳಿಯುವಂತಿಲ್ಲ. ಅವನು ತಲೆಯಾಡಿಸಿದ.

ಇದೆಲ್ಲವೂ ಬಿಳೇಕಹಳ್ಳಿಯ ಫ್ಲಾಟಿಗೆ ಬಂದು ತಲುಪುತ್ತಿತ್ತು. ಮುನಿವೆಂಕಟಮ್ಮ ಕೇಳಿ, "ಹೂಂ" ಎನ್ನುತ್ತಿದ್ದಳು. ಅಣ್ಣನ ಸುದ್ದಿಗೆ ಅವಳ ಮೈಯೊಳಗೆ ಏನೋ ತಣ್ಣಗಾಗುತ್ತಿತ್ತು. ರೇವಂತನ ಸುದ್ದಿ ಬಂದಾಗ ಮಾತ್ರ ಎದ್ದು ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು.

ವೈಶಾಖದ ಒಂದು ಮಧ್ಯಾಹ್ನ ಅವನೇ ಬಂದ. ಸ್ಕೂಟರಿನಲ್ಲಿ ಬಂದದ್ದಕ್ಕೆ ಅಂಗಿ ಬೆನ್ನಿಗೆ ಅಂಟಿತ್ತು. ಕೆನ್ನೆ ಒಳಗೆ ಹೋಗಿತ್ತು. ಅವಳು ಏನೂ ಕೇಳದೆ ಮುದ್ದೆ ತೊಳಸಿದಳು, ಬಸ್ಸಾರು ಬಿಸಿಮಾಡಿದಳು, ತಟ್ಟೆ ಇಟ್ಟಳು. ಅವನು ಕೂತು ಉಣ್ಣತೊಡಗಿದ. ಎರಡನೇ ತುತ್ತು ನುಂಗಿ ಹೇಳಿದ:

"ಅತ್ತೆ, ನಲವತ್ತು ಲಕ್ಷ ಬೇಕು. ಮೂರು ಕಂತು ಕಟ್ಟಿದ್ರೆ ಬ್ಯಾಂಕಿನೋರು ಆಷಾಢದವರೆಗೂ ಮಿಷಿನ್ ಮುಟ್ಟಲ್ಲ ಅಂತ ಬರೆದು ಕೊಡ್ತಾರೆ. ಕಟ್ಟದಿದ್ರೆ ಮುಂದಿನ ವಾರ ಶೆಡ್ಡಿಗೆ ಬೀಗ. ಕಟ್ಟಡಾನೂ ಹರಾಜಿಗೆ ಹಾಕ್ತಾರೆ. ಇನ್ನೆರಡೇ ತಿಂಗಳು ಅತ್ತೆ. ಗಾಳಿ ಬಂದ್ರೆ ಅದೇ ದುಡ್ಕೊಳ್ತದೆ. ಬಡ್ಡಿ ಸಮೇತ ನಾನೇ ತಂದು ಕೊಡ್ತೀನಿ. ಅಪ್ಪಂಗೆ ನಾನು ಇಲ್ಲಿಗೆ ಬಂದಿರೋದು ಗೊತ್ತಿಲ್ಲ."

ಮುನಿವೆಂಕಟಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ನಲವತ್ತು ಲಕ್ಷ ಅವಳಲ್ಲಿತ್ತು. ಅದಕ್ಕಿಂತ ಹೆಚ್ಚೇ ಇತ್ತು. ಆದರೆ ಆ ದುಡ್ಡು ಬ್ಯಾಂಕಿಗೆ ಹೋದರೆ ಉಳಿಯುವುದು ಅಣ್ಣನ ನಾಲ್ಕು ಮಹಡಿ, ಅಣ್ಣನ ಬೆನ್ನು. ಅದೂ ಎಷ್ಟು ದಿನ?

"ಗಾಳಿ ಬರ್ತದೆ ಮಗಾ. ಆಷಾಢ ಆದ್ಮೇಲೆ ಮತ್ತೆ ಕಾರ್ತೀಕ ಬರಲ್ವಾ? ಆಗೇನು ಮಾಡ್ತೀಯ?" ಎಂದಳು. "ಬೋರ್ಡಿನೋರು ಜಮೆ ಇಟ್ಕೊಳ್ಳೋದು ಆಯಾ ತಿಂಗಳಿಗೇ. ಮಿಷಿನ್ನು ನಾಲ್ಕರಷ್ಟು ದೊಡ್ಡದು, ನಿಂತಿದ್ರೂ ಬಡ್ಡಿ ತಿಂತದೆ. ನಲವತ್ತು ಹಾಕಿದ್ರೆ ನಲವತ್ತೂ ಹೋಗ್ತದೆ. ಇದು ತುಂಬೋ ಗುಂಡಿಯಲ್ಲ."

ರೇವಂತನ ಕೈ ತಟ್ಟೆಯ ಮೇಲೆ ನಿಂತಿತು. ಅವನು ನಿಧಾನವಾಗಿ ತಲೆಯೆತ್ತಿದ.

"ಅಂದ್ರೆ ಅವತ್ತೇ ನಿಂಗೆಲ್ಲ ಅರ್ಥ ಆಗಿತ್ತು."

ಅವಳು ಸೌಟನ್ನು ಪಾತ್ರೆಯೊಳಗಿಟ್ಟಳು. ಇಲ್ಲವೆನ್ನಬಹುದಿತ್ತು. ಅವನು ಈಗಲೂ ನಂಬುತ್ತಿದ್ದನೇನೋ.

"ಆಗಿತ್ತು," ಎಂದಳು.

"ನಿಮ್ಮಪ್ಪ ಹೇಳೋದೇ ಸರಿ ಅಂದೆಯಲ್ಲ ಅತ್ತೆ. ಎಲ್ರ ಮುಂದೆ."

"ದೊಡ್ಡದು ಹಾಕಿದ್ರೇನೇ ಅವನಿಗೆ ನನ್ನ ರುಜು ಬೇಕಾಗ್ತಿದ್ದದ್ದು. ನೀನೇ ಹೇಳ್ದೆ ತಾರಸಿ ಮೇಲೆ. ಆ ಅರ್ಧ ನಂದಲ್ವಾ?"

"ನಿಂದೇ. ನಂಗೊಂದು ಮಾತು ಹೇಳಿದ್ರೆ ಅಪ್ಪನ ಹತ್ರ ಜಗಳ ಆಡಿ ನಾನೇ ಕೊಡಿಸ್ತಿದ್ದೆ."

"ಕಟ್ಟಡ ಎದ್ದಾಗಿಂದ ಆ ಸಂಪಿನ ಪಕ್ಕ ಮಲಗಿದ್ದೆ ಕಣೋ. ದಿನಾ ನನ್ನ ದಾಟ್ಕೊಂಡೇ ಗಾಡಿ ತೆಗೀತಿದ್ದೆ. ಒಂದು ದಿನ ಜಗಳ ಆಡ್ದೇನೋ?"

ರೇವಂತ್ ತಲೆ ತಗ್ಗಿಸಿ ಉಳಿದ ಮುದ್ದೆಯನ್ನು ಮುರಿದು, ಸಾರಿಗದ್ದಿ, ಒಂದೊಂದೇ ತುತ್ತು ನುಂಗಿದ. ಒಂದು ಚೂರೂ ಬಿಡಲಿಲ್ಲ. ತಟ್ಟೆಯಲ್ಲಿ ಬಿಡಬಾರದೆಂದು ಹೇಳಿಕೊಟ್ಟವಳು ಅವಳೇ. ಉಂಡಾದ ಮೇಲೆ ಕೈ ತೊಳೆಯಲೆಂದು ಎದ್ದವನು ತಟ್ಟೆಯನ್ನೂ ಎತ್ತಿಕೊಂಡು ಸಿಂಕಿಗೆ ಹೋದ.

"ಬಿಡೋ, ನಾನು ತೊಳೀತೀನಿ," ಎಂದು ಮುನಿವೆಂಕಟಮ್ಮ ಎದ್ದಳು.

ಅವನು ನಲ್ಲಿ ತಿರುಗಿಸಿದ. ಅವರ ಮನೆಗಳಲ್ಲಿ ಮನೆಯ ಗಂಡಸು ಉಂಡ ತಟ್ಟೆ ಮುಟ್ಟುವುದಿಲ್ಲ, ನೆಂಟನಿಗೆ ಮುಟ್ಟಲು ಬಿಡುವುದಿಲ್ಲ. ಬೆಳೆ ಕುಯ್ಯಲು ಬಂದ ಕೂಲಿಯವರು ಮಾತ್ರ ಉಂಡದ್ದನ್ನು ತಾವೇ ತೊಳೆದು ಹಿತ್ತಲ ಕಲ್ಲಿನ ಮೇಲೆ ಬೋರಲು ಹಾಕಿ, ಅವತ್ತಿನ ಬಾಕಿ ತೀರಿತೆಂದು ಹೋಗುತ್ತಿದ್ದರು. ರೇವಂತ್ ತಟ್ಟೆಯನ್ನು ಹಿಂದೆ ಮುಂದೆ ಉಜ್ಜಿದ, ಲೋಟವನ್ನೂ ತೊಳೆದ, ಎರಡನ್ನೂ ಕಟ್ಟೆಯ ಮೇಲೆ ಬೋರಲು ಹಾಕಿದ. ಕೈಯನ್ನು ಅವಳು ಚಾಚಿದ ಟವೆಲಿಗೆ ಒರೆಸದೆ ತನ್ನ ಪ್ಯಾಂಟಿಗೆ ಒರೆಸಿಕೊಂಡ.

"ಸಾಕಿದ ಋಣ ಒಂದಿತ್ತು. ಅದನ್ನ ಹೆಂಗೆ ತೀರಿಸೋದು ಅಂತ ನಂಗೆ ಗೊತ್ತಿರ್ಲಿಲ್ಲ," ಎಂದ. "ನೀವೇ ತೀರಿಸ್ಕೊಂಡ್ರಿ."

ನೀನು ಎನ್ನುತ್ತಿದ್ದ ಬಾಯಿ ಅದು. ಮುನಿವೆಂಕಟಮ್ಮ ಟವೆಲು ಹಿಡಿದೇ ನಿಂತಿದ್ದಳು. ಅವನು ಚಪ್ಪಲಿ ಮೆಟ್ಟಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಲಿಫ್ಟು ಇಳಿದ ಸದ್ದು ಕೇಳಿಸಿತು, ಆಮೇಲೆ ಕೆಳಗೆ ಸ್ಕೂಟರು ಒದ್ದದ್ದು, ಮೂರನೇ ಸಲಕ್ಕೆ ಹತ್ತಿದ್ದು. ಮುಂದಿನ ವಾರ ಶೆಡ್ಡಿಗೆ ಬೀಗ ಬಿತ್ತು.